ನಂದಿ ಬೆಟ್ಟದ ಬುಡದಲ್ಲಿ ಮೂರು ಕೋಣೆಯ ಹೋಂಸ್ಟೇ, ಕೈಯಲ್ಲಿ ಕೃಷಿ ವಲಯದ ನೋಟಿಸು: ಮುಂದೇನು?

ಬೆಟ್ಟದಬುಡ

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕಬಳ್ಳಾಪುರ ತಾಲ್ಲೂಕು, ನಂದಿ ಕಡೆಯ ಒಂದು ಹಳ್ಳಿ. ಬೆಂಗಳೂರು ಬ್ಲೂ ದ್ರಾಕ್ಷಿ ತೋಟ ಇದೆ, ತೋಟದಲ್ಲೇ ಮನೆ. ಮನೆಯ ಮೇಲೆ ಮೂರು ಕೋಣೆ ಕಟ್ಟಿಸಿ ಹೋಂಸ್ಟೇ ನಡೆಸುತ್ತಿದ್ದೇವೆ. ಶುಕ್ರವಾರ, ಶನಿವಾರ ರಾತ್ರಿ ಬಂದು ಉಳಿದು, ಬೆಳಗಿನ ಜಾವ ಬೆಟ್ಟಕ್ಕೆ ಹೋಗಿ ಸೂರ್ಯೋದಯ ನೋಡಿ, ವಾಪಸ್ ಬಂದು ತಿಂಡಿ ತಿಂದು ಹೊರಡುವ ಜನ ನಮ್ಮ ಅತಿಥಿಗಳು. ಅಡುಗೆ ಅಮ್ಮನದು. ಕೋಣೆ ಗುಡಿಸಿ ಒರೆಸೋದು ನಾನು, ನನ್ನ ಹೆಂಡತಿ. ಆಳು ಇಲ್ಲ.

ಈಗ ನೋಟಿಸು ಬಂದಿದೆ. ನಿಮ್ಮ ಜಮೀನು ಮಾಸ್ಟರ್ ಪ್ಲಾನ್ (ಯಾವ ಜಾಗ ಯಾವ ಬಳಕೆಗೆ ಅಂತ ಗೊತ್ತುಮಾಡುವ ಯೋಜನೆ) ಪ್ರಕಾರ ಕೃಷಿ ವಲಯದಲ್ಲಿದೆ, ಅಲ್ಲಿ ವಾಣಿಜ್ಯ ಚಟುವಟಿಕೆ ನಡೆಯುತ್ತಿದೆ, ನಿಲ್ಲಿಸಿ, ಇಲ್ಲದಿದ್ದರೆ ಕ್ರಮ. ನಮ್ಮ ಸುತ್ತಮುತ್ತ ಇನ್ನೂ ಕೆಲವು ಮನೆಗಳಿಗೆ ಇದೇ ಕಾಗದ ಬಂದಿದೆ.

ಆ ಕಾಗದದ ಬಗ್ಗೆ ಒಂದು ಮಾತು ಹೇಳಬೇಕು. ಅದು ಮೊದಲೇ ಅಚ್ಚು ಹಾಕಿದ ನಮೂನೆ. ಖಾಲಿ ಬಿಟ್ಟ ಜಾಗದಲ್ಲಿ ಸರ್ವೆ ನಂಬರ್ ಪೆನ್ನಿನಲ್ಲಿ ಬರೆದಿದ್ದಾರೆ. ಕೆಳಗೆ ಒಂದು ಸಾಲು ಇದೆ: ಕಲ್ಯಾಣ ಮಂಟಪ, ಗೋದಾಮು, ರೆಸಾರ್ಟ್, ಇತರೆ. ನಮ್ಮದರಲ್ಲಿ ರೆಸಾರ್ಟ್ ಅನ್ನೋದರ ಮುಂದೆ ಟಿಕ್ ಹಾಕಿದ್ದಾರೆ. ಮೂರು ಕೋಣೆ, ಒಂದು ಅಡುಗೆಮನೆ, ಅಂಗಳದಲ್ಲಿ ಎರಡು ಹಸು. ಇದು ರೆಸಾರ್ಟ್ ಅಂತೆ. ಓದಿದಾಗಿನಿಂದ ನನಗೆ ಅದೇ ಕೊರೆಯುತ್ತಿದೆ.

2021ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಕುಸಿದು ಬೆಟ್ಟದ ರಸ್ತೆ ಕಿತ್ತುಹೋದಾಗ ಕೆಲವು ತಿಂಗಳು ಯಾರೂ ಬರಲಿಲ್ಲ. ಅದಕ್ಕೂ ಮುಂಚೆ ಕೋವಿಡ್. ಎರಡನ್ನೂ ದಾಟಿದ್ದೇವೆ. ದ್ರಾಕ್ಷಿಗೆ ರೇಟು ಬಿದ್ದ ವರ್ಷ ಮಕ್ಕಳ ಫೀಸು ಕಟ್ಟಿದ್ದು ಈ ಕೋಣೆಗಳೇ. ಕೆಲವರು ನೇರ ಹೈಕೋರ್ಟಿಗೆ ಹೋಗೋಣ ಅಂತಿದ್ದಾರೆ. ಕೆಲವರು "ಯಾರನ್ನಾದರೂ ನೋಡಿಕೊಂಡು ಸುಮ್ನೆ ಇದ್ದುಬಿಡೋಣ" ಅಂತಿದ್ದಾರೆ. ನನಗೆ ಎರಡನೆಯದು ಬೇಡ. ತಿಳಿದವರು ಹೇಳಿ.

ಗುಡಿಬಂಡೆಯವ

ಅಣ್ಣ, ಮೊದಲು ಗಾಬರಿ ಬಿಡಿ. ನೋಟಿಸಿಗೆ ಲಿಖಿತ ಉತ್ತರ ಕೊಡದೆ ಮಾತ್ರ ಇರಬೇಡಿ. ಗಡುವಿನೊಳಗೆ ಉತ್ತರ ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ. ಖಾತೆ ಯಾವುದು? ಮನೆ ಗ್ರಾಮಠಾಣದ (ಊರಿನ ಮನೆಗಳಿಗೆ ಅಂತ ಗುರುತಿಸಿದ ಜಾಗ) ಒಳಗಿದೆಯೋ ಹೊರಗೋ? ಪಂಚಾಯ್ತಿಯಿಂದ ಕಟ್ಟಡದ ಪರವಾನಗಿ ತಗೊಂಡಿದ್ರಾ? ಇಷ್ಟು ಗೊತ್ತಾಗದೆ ಯಾರೂ ಏನೂ ಹೇಳೋಕಾಗಲ್ಲ.

ಬೆಟ್ಟದಬುಡ

ಗ್ರಾಮಠಾಣದ ಹೊರಗೆ. ಜಮೀನು ಅಪ್ಪನ ಹೆಸರಿನಲ್ಲಿ, ಪಹಣಿ ಸರಿಯಾಗಿದೆ, ಕೃಷಿಯಿಂದ ಬೇರೆ ಬಳಕೆಗೆ ಭೂ ಪರಿವರ್ತನೆ ಆಗಿಲ್ಲ. ಕೆಳಗಿನ ಮನೆ ಹಳೆಯದು. ಮೇಲಿನ ಕೋಣೆ ಕಟ್ಟುವಾಗ ಪಂಚಾಯ್ತಿಯಲ್ಲಿ ಅರ್ಜಿ ಕೊಟ್ಟು ಅನುಮತಿ ತಗೊಂಡಿದ್ದೇವೆ, ಆ ಕಾಗದ ಇದೆ. ಪ್ರವಾಸೋದ್ಯಮದವರ ಹತ್ತಿರ ಹೋಂಸ್ಟೇ ಅಂತ ನೋಂದಣಿಯೂ ಆಗಿದೆ. ಅದಾದ ಮೇಲೂ ನೋಟಿಸು ಹೇಗೆ ಬರುತ್ತೆ ಅನ್ನೋದೇ ನಮ್ಮ ಪ್ರಶ್ನೆ.

ನಕ್ಷೆ ಓದುವವಳು

ನಾನು ನಗರ ಯೋಜನೆ ಓದಿದವಳು, ಊರು ಶಿಡ್ಲಘಟ್ಟ. ಸ್ವಲ್ಪ ಬಿಡಿಸಿ ಹೇಳ್ತೀನಿ, ಏಕೆಂದರೆ ನಮ್ಮ ಕಡೆ ಹೋಂಸ್ಟೇ ನಡೆಸುವ ಬಹಳಷ್ಟು ಜನರಿಗೆ ಇಲ್ಲೇ ತೊಡಕು.

ನಿಮ್ಮ ಹತ್ತಿರ ಇರುವ ಕಾಗದ ಮತ್ತು ಅವರು ಕೇಳುತ್ತಿರುವ ಕಾಗದ ಬೇರೆ ಬೇರೆ. ಪಂಚಾಯ್ತಿಯ ಪರವಾನಗಿ ಕಟ್ಟಡಕ್ಕೆ ಸಂಬಂಧಿಸಿದ್ದು. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದ ಅಡಿ ಬರುತ್ತೆ. ಪ್ರವಾಸೋದ್ಯಮದ ನೋಂದಣಿ ನಿಮ್ಮ ಕೋಣೆ, ಶೌಚಾಲಯ, ಸ್ವಚ್ಛತೆ, ಅತಿಥಿಗಳ ಸುರಕ್ಷತೆ ನೋಡಿ ಕೊಡುವಂಥದ್ದು. ಭೂಬಳಕೆ ಮೂರನೆಯದು. ಅದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕೆಳಗೆ ಬರುತ್ತೆ. ಮಾಸ್ಟರ್ ಪ್ಲಾನ್ ಜಾರಿಯಾದ ಮೇಲೆ ಆ ಪ್ರದೇಶದಲ್ಲಿ ಜಮೀನಿನ ಬಳಕೆ ಪ್ಲಾನಿಗೆ ತಕ್ಕಂತೆ ಇರಬೇಕು ಅಂತ ಅದರ 14ನೇ ಪ್ರಕರಣ ಹೇಳುತ್ತೆ. ಮೊದಲ ಎರಡು ಕಾಗದ ಎಷ್ಟೇ ಗಟ್ಟಿ ಇದ್ದರೂ ಮೂರನೆಯದರ ಜಾಗ ತುಂಬಲ್ಲ.

ಇದರ ಜೊತೆಗೆ ಕಂದಾಯ ಕಾಯ್ದೆ. 1964ರ ಭೂ ಕಂದಾಯ ಕಾಯ್ದೆಯ 95ನೇ ಪ್ರಕರಣದಲ್ಲಿ ರೈತನಿಗೆ ಪರಿವರ್ತನೆ ಇಲ್ಲದೆ ತನ್ನ ಜಮೀನಿನಲ್ಲಿ ತೋಟದ ಮನೆ ಕಟ್ಟಿಕೊಳ್ಳೋಕೆ ಅವಕಾಶ ಇದೆ. ಹಿಡುವಳಿಯ ಶೇಕಡ 10ಕ್ಕಿಂತ ಜಾಸ್ತಿ ಜಾಗ ಹಿಡಿಯಬಾರದು. ಆದರೆ ಆ ಮನೆ ರೈತನ ವಾಸಕ್ಕೆ, ದನಕರುಗಳಿಗೆ, ಬೇಸಾಯದ ಸಾಮಾನಿಗೆ ಅಂತ ಇರುವಂಥದ್ದು. ಬಾಡಿಗೆಗೆ ಕೋಣೆ ಕೊಡೋದು ಅದರಲ್ಲಿ ಸೇರುತ್ತಾ ಅನ್ನೋದೇ ಜಗಳ. ಅಧಿಕಾರಿಗಳು ಸೇರಲ್ಲ ಅಂತಾರೆ. ಅವರ ಓದು ಪೂರ್ತಿ ತಪ್ಪು ಅಂತ ನಾನು ಹೇಳಲಾರೆ.

ಗುಡಿಬಂಡೆಯವ

ಹಾಗಾದರೆ ಪರಿವರ್ತನೆ ಮಾಡಿಸಿಕೊಂಡರೆ ಆಯ್ತಲ್ಲ?

ನಕ್ಷೆ ಓದುವವಳು

ಆಗಲ್ಲ. ಮಾಸ್ಟರ್ ಪ್ಲಾನ್ ಇರುವ ಕಡೆ, ಆ ಜಾಗ ಯಾವ ವಲಯದಲ್ಲಿದೆಯೋ ಅದಕ್ಕೆ ಹೊಂದುವ ಪರಿವರ್ತನೆ ಮಾತ್ರ ಸಿಗುತ್ತೆ. ನಕ್ಷೆಯಲ್ಲಿ ಕೃಷಿ ವಲಯ ಅಂತ ಹಸಿರು ಬಳಿದಿದ್ದರೆ ವಾಣಿಜ್ಯಕ್ಕೆ ಪರಿವರ್ತನೆ ಕೊಡೋಕೆ ಮೊದಲು ವಲಯವೇ ಬದಲಾಗಬೇಕು. ಅದಕ್ಕೆ ಯೋಜನಾ ಕಾಯ್ದೆಯಲ್ಲಿ 14ಎ ಅಂತ ದಾರಿ ಇದೆ. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕನಿಷ್ಠ 15 ದಿನ ಸಾರ್ವಜನಿಕರ ಆಕ್ಷೇಪಣೆಗೆ ಬಿಟ್ಟು, ಆಮೇಲೆ ತೀರ್ಮಾನ. ಶುಲ್ಕ ಕಟ್ಟಬೇಕು, ಓಡಾಡಬೇಕು. ದೊಡ್ಡ ರೆಸಾರ್ಟಿನವರು ಈ ದಾರಿಯಲ್ಲೇ ಹೋಗೋದು. ಅವರಿಗೆ ಅದು ಖರ್ಚಿನ ಒಂದು ಬಾಬತ್ತು ಅಷ್ಟೇ. ಮೂರು ಕೋಣೆಯವರಿಗೆ ಅದೇ ದೊಡ್ಡ ಹೊರೆ.

ಪಕ್ಕದ ತೋಟ

ನಾನು ಹೋಂಸ್ಟೇ ನಡೆಸಲ್ಲ. ಎರಡು ಹೋಂಸ್ಟೇಗಳ ಮಧ್ಯೆ ಸಿಕ್ಕಿಕೊಂಡಿರುವ ರೈತ. ಗುಲಾಬಿ ಬೆಳೀತೀನಿ, ಹಸು ಇದೆ. ನನ್ನ ಮಾತೂ ಕೇಳಿ.

ಶನಿವಾರ ರಾತ್ರಿ ಹನ್ನೊಂದರವರೆಗೆ ಸ್ಪೀಕರ್. ಬೆಳಗಿನ ಜಾವ ಮೂರೂವರೆಗೆ ಬೈಕುಗಳು ಶುರು. ನಮ್ಮ ದಾರಿ ಒಂದು ಗಾಡಿ ಹೋಗುವಷ್ಟು ಅಗಲ. ಅಲ್ಲೇ ಕಾರು ನಿಲ್ಲಿಸಿ ಮಲಗಿಬಿಡ್ತಾರೆ. ಡೇರಿಗೆ ಹಾಲು ಹಾಕೋ ಹೊತ್ತಿಗೆ ಹಾರ್ನ್ ಹೊಡೆದು ಎಬ್ಬಿಸಬೇಕು. ಬದುವಿನಲ್ಲಿ ಬಾಟ್ಲಿ ಚೂರು. ಹೋದ ಸಲ ಹಸುವಿನ ಗೊರಸಿಗೆ ಗಾಜು ಚುಚ್ಚಿ ಡಾಕ್ಟರನ್ನು ಕರೆಸಬೇಕಾಯ್ತು.

ಮುಖ್ಯವಾದ ಮಾತು ನೀರು. ಪಾಲಾರ್, ಅರ್ಕಾವತಿ, ಚಿತ್ರಾವತಿ, ಎರಡೂ ಪಿನಾಕಿನಿ, ಎಲ್ಲ ನಮ್ಮ ಈ ಬೆಟ್ಟಸಾಲಿನಲ್ಲೇ ಹುಟ್ಟೋದು ಅಂತ ಶಾಲೆಯಲ್ಲಿ ಓದಿದ್ದೇವೆ. ಆದರೂ ವರ್ಷಪೂರ್ತಿ ಹರಿಯುವ ಒಂದು ಹೊಳೆ ನಮಗಿಲ್ಲ. ಶಾಶ್ವತ ನೀರಾವರಿಗೆ ಎಷ್ಟು ವರ್ಷದ ಹೋರಾಟ! ಕೊನೆಗೆ ಬಂದಿದ್ದು ಬೆಂಗಳೂರಿನ ಕೊಳಚೆ ಸಂಸ್ಕರಿಸಿ ಕೆರೆಗೆ ಬಿಡುವ ಎಚ್.ಎನ್. ವ್ಯಾಲಿ ನೀರು. ಸಾವಿರ ಅಡಿ ಕೊರೆದು ನೀರು ಸಿಗದ ಬೋರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥ ಕಡೆ ಈಜುಕೊಳ ಕಟ್ಟುತ್ತಾರೆ. ವಲಯದ ನಿಯಮ ಇರೋದೇ ಇದನ್ನು ತಡೆಯೋಕೆ. ಅದನ್ನೇ ತೆಗೆಸಿ ಅಂತ ನೀವು ಹೊರಟರೆ ನಾನು ಎದುರು ನಿಲ್ತೀನಿ. ವೈಯಕ್ತಿಕ ದ್ವೇಷ ಏನಿಲ್ಲ.

ಬೆಟ್ಟದಬುಡ

ನೀವು ಹೇಳಿದ್ದು ನ್ಯಾಯ. ಗಾಜಿನ ಚೂರಿನ ವಿಷಯ ಓದಿ ಹೊಟ್ಟೆ ಉರಿಯಿತು, ನಮ್ಮನೆಯಲ್ಲೂ ಹಸು ಇದೆ.

ನಮ್ಮಲ್ಲಿ ಸ್ಪೀಕರ್ ಇಲ್ಲ, ಮದ್ಯ ಇಲ್ಲ, ಕಾರು ನಮ್ಮ ಕಾಂಪೌಂಡ್ ಒಳಗೇ. ಇದು ನಮ್ಮ ಹೆಚ್ಚುಗಾರಿಕೆ ಏನಲ್ಲ. ನಾವು ಅದೇ ಮನೆಯಲ್ಲಿ ಮಲಗ್ತೀವಿ, ಅಷ್ಟೇ. ರಾತ್ರಿ ಗಲಾಟೆ ಮಾಡಿದರೆ ಮೊದಲು ನಿದ್ದೆ ಕೆಡೋದು ನಮ್ಮ ಅಮ್ಮನದು. ನೀವು ಹೇಳುವ ಸ್ಪೀಕರ್ ಮನೆಗಳ ಮಾಲೀಕರು ಎಲ್ಲಿರ್ತಾರೆ? ಬಹುತೇಕ ಬೆಂಗಳೂರಿನಲ್ಲಿ. ಇಲ್ಲಿ ಕೀಲಿ ಕೊಡೋಕೆ ಒಬ್ಬ ಹುಡುಗ ಇರ್ತಾನೆ. ಅತಿಥಿ ಏನು ಮಾಡಿದ ಅಂತ ಸೋಮವಾರ ಬಂದು ನೋಡೋರೂ ಇಲ್ಲ.

ನನ್ನ ತಕರಾರು ಅದೇ. ನೋಟಿಸಿನಲ್ಲಿ ಅವರಿಗೂ ನಮಗೂ ಒಂದೇ ಟಿಕ್.

ಅವಲಗುರ್ಕಿ ದಾರಿ

ಅಕ್ಕತಂಗಿಯರೂ ಈ ಕೆಲಸದಲ್ಲಿದ್ದೇವೆ ಅಂತ ಹೇಳೋಕೆ ಬರೀತಿದ್ದೀನಿ. 2023ರಲ್ಲಿ ಆದಿಯೋಗಿ ಮೂರ್ತಿ ಆದ ಮೇಲೆ ನಮ್ಮ ರಸ್ತೆಯಲ್ಲಿ ಓಡಾಟ ಜಾಸ್ತಿ ಆಯ್ತು. ಸಂಘದಲ್ಲಿ ಸಾಲ ತಗೊಂಡು ಮನೆಯ ಹಿಂದಿನ ಎರಡು ಕೋಣೆ ಸರಿಮಾಡಿಸಿದೆ. ನಮ್ಮದು ಗ್ರಾಮಠಾಣದೊಳಗಿನ ಮನೆ, ಪಂಚಾಯ್ತಿ ಆಸ್ತಿಗಳ ಇ-ಸ್ವತ್ತು ದಾಖಲೆಯಲ್ಲಿ ನಮೂನೆ 9 ಮತ್ತು 11ಎ ಇದೆ. ಹಾಗಾಗಿ ನನಗೆ ವಲಯದ ನೋಟಿಸು ಬಂದಿಲ್ಲ. ಆದರೆ ವಾಣಿಜ್ಯ ಪರವಾನಗಿ ಕೇಳಿದರೆ "ಲಾಡ್ಜಿಗೆ ಕೊಡುವ ಫಾರಂ ತುಂಬಿ" ಅಂತಾರೆ. ಅದರಲ್ಲಿ ರಿಸೆಪ್ಷನ್ ಎಷ್ಟು ಚದರಡಿ ಅಂತ ಕೇಳಿದ್ದಾರೆ. ನಮ್ಮ ರಿಸೆಪ್ಷನ್ ಜಗುಲಿ.

ನಾನು ಒಂದು ವಿಷಯ ಗಮನಿಸಿದ್ದೀನಿ. ಬೇರೆ ಕಾನೂನುಗಳು ಸಣ್ಣವರನ್ನೂ ದೊಡ್ಡವರನ್ನೂ ಬೇರೆ ಮಾಡುತ್ತವೆ. ಊಟ ಕೊಡೋಕೆ ಆಹಾರ ಸುರಕ್ಷತೆಯವರ ಹತ್ತಿರ ಸಣ್ಣವರಿಗೆ ಬರೀ ನೋಂದಣಿ ಸಾಕು, ದೊಡ್ಡ ಹೋಟೆಲಿಗೆ ಲೈಸೆನ್ಸ್. ಜಿಎಸ್‌ಟಿಯಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟದ ಸೇವೆಯವರಿಗೆ ಸಾಮಾನ್ಯವಾಗಿ ನೋಂದಣಿ ಬೇಡ. ಸುರಕ್ಷತೆಯ ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಂದೇ, ವಿದೇಶದವರು ತಂಗಿದರೆ 24 ಗಂಟೆಯೊಳಗೆ ಅವರ ವಿವರ ಅಧಿಕಾರಿಗಳಿಗೆ ಕಳಿಸಲೇಬೇಕು. ಅದು ಸರಿ. ನಾನು ತಪ್ಪದೆ ಕಳಿಸ್ತೀನಿ. ಭೂಬಳಕೆಯಲ್ಲಿ ಮಾತ್ರ ಎರಡು ಕೋಣೆಗೂ ಇನ್ನೂರು ಕೋಣೆಗೂ ಯಾಕೆ ಒಂದೇ ಅಳತೆ?

ನಕ್ಷೆ ಓದುವವಳು

ಅಕ್ಕ, ನೀವು ಹೇಳಿದ್ದು ಈ ಇಡೀ ಚರ್ಚೆಯ ತಿರುಳು. ಇದನ್ನು ಆಕ್ಷೇಪಣೆಯಲ್ಲಿ ಹಾಗೇ ಬರೀಬೇಕು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬಿ ಅಂಡ್ ಬಿ (ಕೋಣೆ, ಬೆಳಗಿನ ತಿಂಡಿ ಕೊಡುವ ಮನೆ), ಹೋಂಸ್ಟೇ ಯೋಜನೆಯಲ್ಲೂ ಈ ವ್ಯತ್ಯಾಸ ಇದೆ. 1ರಿಂದ 6 ಕೋಣೆ, 12 ಹಾಸಿಗೆ, ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸ ಇರಬೇಕು. ಅದಕ್ಕಿಂತ ಮೇಲೆ ಹೋದರೆ ಹೋಂಸ್ಟೇ ಅಲ್ಲ. ಸರ್ಕಾರದ ಒಂದು ಕೈ ಈ ಗೆರೆ ಎಳೆದಿದೆ. ಇನ್ನೊಂದು ಕೈಗೆ ಅದು ಕಂಡಿಲ್ಲ.

ನಂದಿ ಗ್ರಾಮ

ಮಧ್ಯದಲ್ಲಿ ಒಂದು ಎಚ್ಚರಿಕೆ. ನಂದಿ ಊರಿನೊಳಗೆ ಇರೋರು ಭೋಗನಂದೀಶ್ವರ ದೇವಸ್ಥಾನದಿಂದ ನಿಮ್ಮ ಮನೆ ಎಷ್ಟು ದೂರ ಅಂತ ಮೊದಲು ನೋಡಿಕೊಳ್ಳಿ. ಅದು ಕೇಂದ್ರದ ಸಂರಕ್ಷಿತ ಸ್ಮಾರಕ. ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. 2010ರ ತಿದ್ದುಪಡಿಯ ನಂತರ ಇದು ತುಂಬಾ ಬಿಗಿ. ಅಲ್ಲಿ ಕೋಣೆ ಏರಿಸೋಕೆ ಪಂಚಾಯ್ತಿ ಕಾಗದ ಒಂದೇ ಸಾಕಾಗಲ್ಲ. ನಮ್ಮ ಬೀದಿಯಲ್ಲಿ ಇದು ಗೊತ್ತಿಲ್ಲದೆ ಪಿಲ್ಲರ್ ಎಬ್ಬಿಸಿ ನಿಲ್ಲಿಸಿದವರಿದ್ದಾರೆ. ಈ ನಿಯಮದ ವಿರುದ್ಧ ನಾನು ಮಾತಾಡಲ್ಲ, ಆ ದೇವಸ್ಥಾನ ನಮ್ಮದು.

ದೂರದ ಊರಿನವ

ನಾನು ಚಿಂತಾಮಣಿಯವನು, ಈಗ ಕೆಲಸದ ಮೇಲೆ ಹೊರದೇಶದಲ್ಲಿದ್ದೀನಿ. ಅಮೆರಿಕದಲ್ಲಿ ಮನೆ ಬಾಡಿಗೆಗೆ ಕೊಡುವವರು ನ್ಯೂ ಆರ್ಲಿಯನ್ಸ್ ನಗರದ ಮೇಲೆ ಕೇಸು ಹಾಕಿ ಗೆದ್ದರು. ವಸತಿ ವಲಯದಲ್ಲಿ ಅಲ್ಲೇ ವಾಸವಿರುವ ಮಾಲೀಕರಿಗೆ ಮಾತ್ರ ಅನುಮತಿ ಅಂತ ನಿಯಮ ಇತ್ತು. 2022ರ ಆಗಸ್ಟ್‌ನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವಾದ ಐದನೇ ಸರ್ಕ್ಯೂಟ್ ಆ ನಿಯಮ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ನಾವೂ ಕೋರ್ಟಿಗೆ ಹೋದರೆ ಗೆಲ್ಲಬಹುದಲ್ಲ?

ಕೋಲಾರದ ವಕೀಲ

ಆ ತೀರ್ಪನ್ನು ನಮ್ಮ ಕಡೆಗೆ ಎಳೆದು ತರೋಕಾಗಲ್ಲ. ಅಲ್ಲಿ ನಿಂತ ವಾದ ಬೇರೆ ರಾಜ್ಯದವರಿಗೆ ತಾರತಮ್ಯ ಆಗುತ್ತೆ ಅನ್ನೋದು. ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರಕ್ಕೆ ಅಡ್ಡಿ ಮಾಡಬಾರದು ಅನ್ನುವ ಅವರ ಸಂವಿಧಾನದ ತತ್ವ ಅದು. ಇನ್ನೊಂದು, ನಾವು ಕೇಳಬೇಕೆಂದಿರೋದು ಅದಕ್ಕೆ ತದ್ವಿರುದ್ಧ. ಅಲ್ಲೇ ವಾಸವಿರುವವರಿಗೆ ಅವಕಾಶ ಕೊಡಿ ಅಂತ ನಾವು ಕೇಳ್ತೀವಿ. ಆ ಕೇಸಿನಲ್ಲಿ ಬಿದ್ದುಹೋಗಿದ್ದು ಅದೇ ನಿಯಮ. ಆಮೇಲೆ 2023ರಲ್ಲಿ ಆ ನಗರ ಹೊಸ ನಿಯಮ ತಂದು ಒಂದು ಬ್ಲಾಕಿಗೆ ಒಂದೇ ಅಂತ ಮಿತಿ ಹಾಕಿತು. ಕೇಸು ಗೆದ್ದ ಮೇಲೂ ನಿಯಮ ಬರೆಯುವ ಮೇಜು ಅಲ್ಲೇ ಇರುತ್ತೆ. ಅಲ್ಲಿ ಕೂರದಿದ್ದರೆ ಮತ್ತೆ ಮೊದಲಿನಿಂದ ಶುರು.

ನಮ್ಮ ಹತ್ತಿರದ ಉದಾಹರಣೆ ನೋಡಿ. ನೀಲಗಿರಿಯಲ್ಲಿ ಮುದುಮಲೈ ಪಕ್ಕದ ಆನೆದಾರಿ ಕೇಸು. ತಮಿಳುನಾಡು ಸರ್ಕಾರ 2010ರಲ್ಲಿ ಆನೆದಾರಿ ಅಂತ ಅಧಿಸೂಚನೆ ಹೊರಡಿಸಿತು. ರೆಸಾರ್ಟಿನವರು, ವಸತಿಗೃಹದವರು ಸೇರಿ ಪ್ರಶ್ನಿಸಿದರು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಸರ್ಕಾರದ ಪರ, 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನಿವೃತ್ತ ನ್ಯಾಯಮೂರ್ತಿಯ ಸಮಿತಿ ಮಾಡಿ, ಒಬ್ಬೊಬ್ಬರ ಆಕ್ಷೇಪಣೆ ಕೇಳಿ ಅಂತ ಹೇಳಿದ್ದಷ್ಟೇ ಸಿಕ್ಕಿದ್ದು. ಪರಿಸರ ಒಂದು ಕಡೆ, ವ್ಯಾಪಾರ ಇನ್ನೊಂದು ಕಡೆ ಅಂತ ನಿಂತರೆ ತಕ್ಕಡಿ ಎತ್ತ ವಾಲುತ್ತೆ ಅಂತ ಗೊತ್ತಾಗುತ್ತೆ ಅಲ್ವಾ?

ಇನ್ನೂ ಹಳೆಯದು, ನಮ್ಮ ಉಡುಪಿಯದು. ಕಲ್ಯಾಣ ಮಂಟಪ ಮತ್ತು ಉಪನ್ಯಾಸ ಮಂದಿರ ಅಂತ ಪ್ಲಾನ್ ತಗೊಂಡ ಕಟ್ಟಡವನ್ನು ವಸತಿ ಪ್ರದೇಶದಲ್ಲಿ ಸಿನಿಮಾ ಟಾಕೀಸು ಮಾಡೋಕೆ ಪುರಸಭೆ ಒಪ್ಪಿತ್ತು. ಅಲ್ಲಿನ ನಿವಾಸಿಯೊಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋದರು. 1974ರಲ್ಲಿ ಕೋರ್ಟು ನಿವಾಸಿಗಳ ಪರ ನಿಂತಿತು. ಯೋಜನೆ ಮೀರಿ ಅನುಮತಿ ಕೊಡುವ ಅಧಿಕಾರ ಪುರಸಭೆಗಿಲ್ಲ, ಅದರಿಂದ ಪಕ್ಕದವರ ಹಕ್ಕಿಗೆ ಪೆಟ್ಟು ಬೀಳುತ್ತೆ ಅಂತ. ಹಾಗಾಗಿ "ಪಕ್ಕದ ತೋಟ"ದವರನ್ನು ಬಿಟ್ಟು ನೀವು ಯಾವ ಕೋರ್ಟಿಗೂ ಹೋಗೋಕಾಗಲ್ಲ. ಕಾನೂನು ಅವರ ಮಾತನ್ನೂ ಕೇಳುತ್ತೆ.

ಹೈಕೋರ್ಟ್ ಬೇಡವೇ ಬೇಡ ಅಂತ ಅಲ್ಲ. ನೋಟಿಸಿಗೆ ನೀವು ಕೊಟ್ಟ ಉತ್ತರ ಓದದೆ, ನಿಮ್ಮ ಮಾತು ಕೇಳದೆ ಬೀಗ ಹಾಕೋಕೆ ಬಂದರೆ ಸಂವಿಧಾನದ 226ನೇ ವಿಧಿಯ ಅಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು. ಅದು ಗಟ್ಟಿ ಕಾರಣ. ಆದರೆ ಇವತ್ತೇ, ಉತ್ತರವನ್ನೇ ಕೊಡದೆ ಹೋದರೆ, ಮೊದಲು ಅಲ್ಲಿ ಉತ್ತರ ಕೊಟ್ಟು ಬನ್ನಿ ಅಂತ ವಾಪಸ್ ಕಳಿಸುವ ಸಂಭವವೇ ಜಾಸ್ತಿ.

ಕಳವಾರ ಕಡೆಯವ

ವಕೀಲರೇ, ಇಷ್ಟೆಲ್ಲ ಓದಿ ಕೈ ಕಟ್ಟಿ ಕೂರೋದಾ? ನಮ್ಮದು ಸ್ಕಂದಗಿರಿ ಬುಡ. ಚಾರಣಕ್ಕೆ ಬರೋರು ಎಲ್ಲಿ ಉಳೀಬೇಕು? ಕಾರಿನಲ್ಲೇ ಮಲಗ್ತಾರೆ, ರಸ್ತೆ ಬದಿ ಶೌಚ ಮಾಡ್ತಾರೆ. ನಾವು ಕೋಣೆ ಕೊಟ್ಟರೆ ಅದು ತಪ್ಪು. 2025ರ ಜುಲೈನಲ್ಲಿ ಇದೇ ನಂದಿ ಬೆಟ್ಟದ ಮೇಲೆ ರಾಜ್ಯದ ಸಂಪುಟ ಸಭೆ ನಡೆಸಿದರು, ರೋಪ್‌ವೇಗೆ ಶಂಕುಸ್ಥಾಪನೆ ಆಗಿದ್ದು 2023ರಲ್ಲೇ. ಜನ ಬರಲಿ ಅಂತ ಎಲ್ಲ ಮಾಡ್ತಾರೆ. ಬಂದ ಜನಕ್ಕೆ ಊರಿನವರು ಕೋಣೆ ಕೊಡಬಾರದು, ಹೊರಗಿನಿಂದ ಬಂದ ದೊಡ್ಡವರು ಕೊಡಬಹುದು. ಈ ಸಿಟ್ಟು ಎಲ್ಲಿ ಹೇಳಿಕೊಳ್ಳೋಣ?

ನಕ್ಷೆ ಓದುವವಳು

ಸಿಟ್ಟು ನ್ಯಾಯವಾದದ್ದೇ. ಅದನ್ನು ಹೇಳೋಕೆ ಜಾಗ ಇದೆ, ಆದರೆ ಅದಕ್ಕೆ ಹೊತ್ತು ಗೊತ್ತು ಇದೆ. ಮಾಸ್ಟರ್ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಅಂತ ಕಾಯ್ದೆಯಲ್ಲೇ ಇದೆ. ಕರಡು ಪ್ರಕಟವಾದಾಗ ಸಾರ್ವಜನಿಕರು ಅಭಿಪ್ರಾಯ ಹೇಳೋಕೆ 60 ದಿನ. ಆ 60 ದಿನದಲ್ಲಿ ಕಚೇರಿಗೆ ಹೋಗಿ ನಕ್ಷೆ ನೋಡೋರು ಯಾರು? ಲೇಔಟ್ ಮಾಡೋರು, ಅವರ ಏಜೆಂಟರು. ಊರಿನವರು ಹೋಗಲ್ಲ, ಪ್ರಕಟಣೆ ಬಂದಿದ್ದೂ ಗೊತ್ತಾಗಲ್ಲ. ನಕ್ಷೆಯ ಮೇಲೆ ನಿಮ್ಮ ತೋಟಕ್ಕೆ ಯಾವ ಬಣ್ಣ ಅನ್ನೋದು ಆಗ ತೀರ್ಮಾನ ಆಗಿಹೋಗುತ್ತೆ.

ಈಗ ನನ್ನ ಸಲಹೆ. ಬಣ್ಣ ಬದಲಿಸಿ ಅಂತ ಕೇಳಬೇಡಿ. ಹಸಿರು ಹಸಿರಾಗೇ ಇರಲಿ. ಮಾಸ್ಟರ್ ಪ್ಲಾನಿನ ಜೊತೆ ವಲಯ ನಿಯಮಾವಳಿ ಅಂತ ಪುಸ್ತಕ ಇರುತ್ತೆ. ಒಂದೊಂದು ವಲಯದಲ್ಲೂ ನೇರವಾಗಿ ಒಪ್ಪಿರುವ ಬಳಕೆಗಳ ಪಟ್ಟಿ ಒಂದು, ವಿಶೇಷ ಸಂದರ್ಭದಲ್ಲಿ ಯೋಜನಾ ಪ್ರಾಧಿಕಾರ ಅನುಮತಿ ಕೊಡಬಹುದಾದ ಬಳಕೆಗಳ ಪಟ್ಟಿ ಇನ್ನೊಂದು. ಕೃಷಿ ವಲಯದ ಆ ಎರಡನೇ ಪಟ್ಟಿಗೆ ಒಂದು ಸಾಲು ಸೇರಿಸಿ ಅಂತ ಕೇಳಿ: ರೈತ ಕುಟುಂಬ ವಾಸವಿರುವ ಮನೆಯಲ್ಲಿ, ಆರು ಕೋಣೆ ಮೀರದ ಹೋಂಸ್ಟೇ, ಷರತ್ತುಗಳ ಮೇಲೆ.

ಯಾಕೆ ಹೀಗೆ ಅಂದರೆ, ಬಣ್ಣ ಬದಲಾದ ಜಮೀನು ನಿಮ್ಮ ಕೈಯಲ್ಲಿ ಉಳಿಯಲ್ಲ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಈ ರಸ್ತೆಯಲ್ಲಿ ಏನಾಯ್ತು ಅಂತ ಎಲ್ಲರೂ ನೋಡಿದ್ದೇವೆ. ನಿಮ್ಮ ಎರಡು ಎಕರೆ ವಾಣಿಜ್ಯ ಅಂತ ಆದ ದಿನವೇ ಅದಕ್ಕೆ ಬೆಲೆ ಕಟ್ಟುವವರು ಬರ್ತಾರೆ. ಒಂದು ಕಷ್ಟದ ವರ್ಷದಲ್ಲಿ ಮಾರ್ತೀರಿ. ಮೂರು ಕೋಣೆಗೆ ಅಂತ ತಂದ ಅನುಮತಿಯ ಮೇಲೆ ನೂರು ಕೋಣೆ ಏಳುತ್ತೆ. ಪಕ್ಕದ ತೋಟದವರು ಹೆದರುತ್ತಿರುವುದು ಅದಕ್ಕೇ, ಅವರ ಹೆದರಿಕೆ ಸರಿ. ಪಟ್ಟಿಯಲ್ಲಿ ಸಾಲು ಸೇರಿದರೆ ಅನುಮತಿ ಆ ಮನೆಗೆ, ಅಲ್ಲಿ ವಾಸವಿರುವ ಕುಟುಂಬಕ್ಕೆ. ಕುಟುಂಬ ಹೋದರೆ ಅನುಮತಿಯೂ ಹೋಗಬೇಕು. ಮಹಾರಾಷ್ಟ್ರ 2020ರಲ್ಲಿ ಕೃಷಿ ಪ್ರವಾಸಕ್ಕೇ ಅಂತ ನೀತಿ ಮಾಡಿದೆ. ರೈತ ರೈತನಾಗಿ ಇದ್ದುಕೊಂಡೇ ಅತಿಥಿಗಳನ್ನು ಕರೆಯಬಹುದು ಅನ್ನೋದು ಹೊಸ ವಿಚಾರ ಏನಲ್ಲ.

ಬೆಟ್ಟದಬುಡ

ಇದನ್ನು ಓದಿ ಅಪ್ಪನಿಗೆ ಹೇಳಿದೆ. ಅವರಿಗೆ ಮೊದಲಿನಿಂದಲೂ ಇದ್ದ ಆತಂಕ ಇದೇ. "ಜಮೀನನ್ನು ಕಮರ್ಷಿಯಲ್ ಮಾಡಿಸಬೇಡ, ಆಮೇಲೆ ಅದು ನಮ್ಮ ಮಾತು ಕೇಳಲ್ಲ" ಅಂತ ಹೇಳ್ತಾನೇ ಇದ್ದರು. ನನಗೂ ತೋಟ ತೋಟವಾಗಿಯೇ ಬೇಕು. ಅತಿಥಿಗಳು ಬರೋದೂ ತೋಟ ನೋಡೋಕೆ. ಬಳ್ಳಿ ಕಿತ್ತು ಕಾಂಕ್ರೀಟ್ ಹಾಕಿದರೆ ನಮ್ಮನೆಗೆ ಯಾರು ಬರ್ತಾರೆ?

ಪಕ್ಕದ ತೋಟ

ಆರು ಕೋಣೆ ಜಾಸ್ತಿ ಆಯ್ತು. 12 ಜನ, ಅವರ ಸ್ನಾನ, ಬಟ್ಟೆ, ಪಾತ್ರೆ. ನಮ್ಮ ಭಾಗಕ್ಕೆ ನಾಲ್ಕು ಅಂತ ಇಟ್ಟರೆ ಒಪ್ಪಬಹುದು. ಈಜುಕೊಳ ಬೇಡವೇ ಬೇಡ. ಹೋಂಸ್ಟೇಗೆ ಅಂತ ಹೊಸ ಬೋರ್ ಕೊರೆಯಬಾರದು. ಮಳೆನೀರು ಹಿಡಿಯುವ ತೊಟ್ಟಿ ಕಡ್ಡಾಯ ಇರಲಿ. ಬಚ್ಚಲ ನೀರು ದಾರಿಗೆ ಬಿಡದೆ ಇಂಗುಗುಂಡಿಗೆ ಹೋಗಲಿ. ರಾತ್ರಿ ಹತ್ತರ ಮೇಲೆ ಹೊರಗೆ ಸ್ಪೀಕರ್ ಇಲ್ಲ. ಕಾರು ಕಾಂಪೌಂಡ್ ಒಳಗೆ ಹಿಡಿಯುವಷ್ಟೇ ಅತಿಥಿಗಳು. ಇವನ್ನು ನೀವೇ ಬರೆದು ಕೊಟ್ಟರೆ ನಾನು ಸಹಿ ಹಾಕೋದರ ಬಗ್ಗೆ ಯೋಚಿಸ್ತೀನಿ.

ಕಳವಾರ ಕಡೆಯವ

ನಾಲ್ಕು ಅಂದರೆ ನನಗೆ ಏಟು. ನನ್ನದು ಐದು ಕೋಣೆ. ಒಂದಕ್ಕೆ ಬೀಗ ಹಾಕಲಾ?

ಅವಲಗುರ್ಕಿ ದಾರಿ

ಕೋಣೆ ಲೆಕ್ಕದಲ್ಲೇ ಜಗಳ ಮಾಡಿಕೊಂಡರೆ ಒಬ್ಬರಿಗೂ ಏನೂ ಸಿಗಲ್ಲ. ನೀರಿನ ಲೆಕ್ಕ ಹಾಕೋಣ. ಎಷ್ಟು ಕೋಣೆ ಅನ್ನೋದಕ್ಕಿಂತ ಎಷ್ಟು ನೀರು ಎತ್ತುತ್ತೀರಿ ಅನ್ನೋದು ಪಕ್ಕದವರಿಗೆ ಮುಖ್ಯ. ಬೋರಿಗೆ ಮೀಟರ್ ಹಾಕಿ, ಪಂಚಾಯ್ತಿಗೆ ತೋರಿಸೋಣ. ನಾನು ಹಾಕಿಸೋಕೆ ತಯಾರಿದ್ದೀನಿ. ಐದು ಕೋಣೆಯವರು ನಾಲ್ಕು ಕೋಣೆಯಷ್ಟೇ ನೀರಿನಲ್ಲಿ ನಡೆಸಿದರೆ ಯಾರಿಗೆ ಏನು ತೊಂದರೆ?

ನಕ್ಷೆ ಓದುವವಳು

ಕೇಂದ್ರದ ಯೋಜನೆಯಲ್ಲಿ ಆರು ಅಂತ ಇರೋದರಿಂದ ಅದನ್ನು ಮೇಲಿನ ಮಿತಿ ಅಂತ ಇಟ್ಟುಕೊಂಡು, ನೀರಿನ ಮೀಟರ್ ಷರತ್ತು ಸೇರಿಸಿದರೆ ವಾದಕ್ಕೆ ಬಲ. ಕಾಗದದಲ್ಲಿ ಈಗಾಗಲೇ ಇರುವ ಸಂಖ್ಯೆ ಹಿಡಿದುಕೊಂಡರೆ ಅಧಿಕಾರಿಗೂ ಫೈಲಿನಲ್ಲಿ ಬರೆಯೋದು ಸುಲಭ. ಆದರೆ ಪಕ್ಕದ ತೋಟದವರ ನಾಲ್ಕನ್ನು ನಾನು ತಳ್ಳಿಹಾಕಲ್ಲ. ಬೋರ್ ಬತ್ತಿದ ಊರುಗಳಲ್ಲಿ ಗ್ರಾಮಸಭೆ ಕಡಿಮೆ ಮಿತಿ ಹಾಕಬಹುದು ಅಂತ ಬರೆಯೋಣ.

ಕೋಲಾರದ ವಕೀಲ

ಸರಿ, ಕೆಲಸ ಎರಡು. ಒಂದು, ನೋಟಿಸಿಗೆ ಉತ್ತರ. ಅದನ್ನು ಒಬ್ಬೊಬ್ಬರೂ ಬೇರೆ ಬೇರೆ ಕೊಡಬೇಕು, ಏಕೆಂದರೆ ಸರ್ವೆ ನಂಬರ್ ಬೇರೆ, ಮನೆ ಬೇರೆ. ಇದು ರೆಸಾರ್ಟ್ ಅಲ್ಲ, ಕುಟುಂಬ ಇಲ್ಲೇ ವಾಸವಿದೆ, ಕೋಣೆ ಇಷ್ಟು, ಪಂಚಾಯ್ತಿ ಅನುಮತಿ ಇಂಥ ತಾರೀಖಿನದು ಅಂತ ನೇರವಾಗಿ ಬರೆಯಿರಿ. ಸ್ಥಳ ಪರಿಶೀಲನೆ ಮಾಡಿ, ನಮ್ಮ ಮಾತು ಖುದ್ದಾಗಿ ಕೇಳಿ ಅಂತ ಕೊನೆಯಲ್ಲಿ ಕೋರಿ. ಪಡಿತರ ಚೀಟಿ, ಪಹಣಿ, ಕರೆಂಟ್ ಬಿಲ್ ಜೊತೆಗಿಡಿ. ಸುಳ್ಳು ಒಂದಕ್ಷರ ಬೇಡ. ವಾಣಿಜ್ಯ ನಡೆಸುತ್ತಿಲ್ಲ ಅಂತ ಬರೆಯಬೇಡಿ, ಬಾಡಿಗೆ ತಗೊಳ್ತಿದ್ದೀರಿ. ಆನ್‌ಲೈನ್ ಬುಕಿಂಗ್ ಎಲ್ಲರಿಗೂ ಕಾಣುತ್ತೆ.

ಎರಡು, ನಿಯಮಾವಳಿಯ ಸಾಲಿನ ಮನವಿ. ಇದು ಎಲ್ಲರೂ ಸೇರಿ, ಹೋಂಸ್ಟೇಯವರೂ ಪಕ್ಕದ ರೈತರೂ. ಗ್ರಾಮಸಭೆಯಲ್ಲಿ ನಿರ್ಣಯ ಆಗಿ ಬಂದರೆ ತೂಕ ಹೆಚ್ಚು. ಅದಕ್ಕೂ ಮುಂಚೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಈಗ ಜಾರಿಯಲ್ಲಿರುವ ವಲಯ ನಿಯಮಾವಳಿಯ ಪ್ರತಿ, ಪರಿಷ್ಕರಣೆ ಯಾವ ಹಂತದಲ್ಲಿದೆ, ಈ ಭಾಗದಲ್ಲಿ 14ಎ ಅಡಿ ಯಾವ್ಯಾವ ಸರ್ವೆ ನಂಬರಿಗೆ ಭೂಬಳಕೆ ಬದಲಾಗಿದೆ. ಮೂರೂ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಮೂರನೆಯದರ ಉತ್ತರ ಬಂದಾಗ, ಯಾರಿಗೆ ಹಸಿರು ಬಣ್ಣ ಬದಲಾಯ್ತು, ಯಾರಿಗೆ ನೋಟಿಸು ಬಂತು ಅಂತ ಪಕ್ಕಪಕ್ಕ ಇಟ್ಟು ನೋಡಬಹುದು. ಮುಂದೆ ರಿಟ್ ಹಾಕಬೇಕಾದರೆ ಆಗ ಹಾಕೋಣ, ಆಗ ಕೈಯಲ್ಲಿ ಕಾಗದ ಇರುತ್ತೆ.

ಗುಡಿಬಂಡೆಯವ

ಕಾಗದ ಬರೆಯೋಕೆ ನಾನು ಸಹಾಯ ಮಾಡ್ತೀನಿ. ನಮ್ಮ ತಾಲ್ಲೂಕಿನಲ್ಲಿ ಇನ್ನೂ ಯಾರಿಗೂ ನೋಟಿಸು ಬಂದಿದ್ದು ಕೇಳಿಲ್ಲ. ಆವಲಬೆಟ್ಟಕ್ಕೆ ಬರುವ ಜನ ಜಾಸ್ತಿಯಾಗುತ್ತಿದ್ದಾರೆ. ಇವತ್ತು ನಿಮ್ಮದು, ನಾಳೆ ನಮ್ಮದು.

ಬೆಟ್ಟದಬುಡ

ಎಲ್ಲರಿಗೂ ದೊಡ್ಡ ಉಪಕಾರ. ನೋಟಿಸಿನ ಉತ್ತರ ಇವತ್ತು ರಾತ್ರಿ ಬರೀತೀನಿ. "ರೆಸಾರ್ಟ್ ಅಂತ ಗುರುತು ಹಾಕಿರುವುದನ್ನು ಒಪ್ಪುವುದಿಲ್ಲ, ಸ್ಥಳಕ್ಕೆ ಬಂದು ನೋಡಿ" ಅನ್ನೋದು ಮೊದಲ ಸಾಲು. ಮಾಹಿತಿ ಹಕ್ಕಿನ ಅರ್ಜಿ ಅವಲಗುರ್ಕಿ ದಾರಿಯ ಅಕ್ಕ ಹಾಕ್ತೀನಿ ಅಂದಿದ್ದಾರೆ.

ಜಂಟಿ ಮನವಿಗೆ ಮಂಗಳವಾರ ಸಂಜೆ ಸೇರೋಣ. ಶನಿವಾರ, ಭಾನುವಾರ ನಮಗೆಲ್ಲ ಅತಿಥಿಗಳಿರ್ತಾರೆ, ಆಗಲ್ಲ. ಜಾಗ ನಮ್ಮ ತೋಟವೇ. ಬರೋರು ನೋಟಿಸಿನ ಜೆರಾಕ್ಸ್, ಪಹಣಿ, ಪಂಚಾಯ್ತಿ ಕಾಗದ ತನ್ನಿ. ಬೋರ್ ಎಷ್ಟು ಅಡಿ, ಎಷ್ಟು ಇಂಚು ನೀರು ಅಂತ ಬರೆದುಕೊಂಡು ಬನ್ನಿ. ಬೆಂಗಳೂರಿನಲ್ಲಿದ್ದು ಇಲ್ಲಿ ಬಾಡಿಗೆಗೆ ಬಿಟ್ಟಿರೋರು ದಯವಿಟ್ಟು ಈ ಮನವಿಗೆ ಬೇಡ. ಅವರ ವಾದ ಬೇರೆ, ಅವರು ಬೇರೆಯಾಗಿ ಹೇಳಿಕೊಳ್ಳಲಿ. ಪಕ್ಕದ ತೋಟದವರೇ, ನೀವು ಬರಲೇಬೇಕು. ನೀವಿಲ್ಲದೆ ಈ ಕಾಗದ ಕಳಿಸಲ್ಲ.

ಪಕ್ಕದ ತೋಟ

ಬರ್ತೀನಿ. ಹಾಲು ಹಾಕಿ ಏಳು ಗಂಟೆಗೆ. ನೀರಿನ ಷರತ್ತು ಮೊದಲನೇ ಪುಟದಲ್ಲೇ ಇರಬೇಕು, ಕೋಣೆ ಲೆಕ್ಕ ಆಮೇಲೆ. ದಾರಿಯಲ್ಲಿ ಕಾರು ನಿಲ್ಲಿಸುವ ವಿಷಯಕ್ಕೆ ಸಹಿ ಮಾಡಿದವರ ಮನೆಗಳಲ್ಲಿ ಈ ಶನಿವಾರದಿಂದಲೇ ಶುರುವಾಗಲಿ, ಅನುಮತಿ ಬರೋವರೆಗೆ ಕಾಯೋದು ಬೇಡ.